ವಸಿಷ್ಠರ ಹಸು

ಕುವೆಂಪುನಗರದಲ್ಲಿ ಮನೆ ಹುಡುಕಿಕೊಂಡು ಬರುವವರಿಗೆ ನಾವು ಮೊದಲು ಹೇಳುವ ಗುರುತು ಡಬಲ್ ರೋಡ್. ಅದರ ಪೂರ್ತಿ ಹೆಸರು ವಿಶ್ವಮಾನವ ಜೋಡಿ ರಸ್ತೆ. ಉದಯರವಿ, ಅನಿಕೇತನ, ಪಂಚಮಂತ್ರ ಎಂದು ಕವಿಯ ಮನೆ, ಕವಿತೆ, ಕಾಣ್ಕೆಗಳೆಲ್ಲ ಇಲ್ಲಿ ರಸ್ತೆಗಳಾಗಿವೆ. ಆಟೋದವರ ಬಾಯಲ್ಲಿ ಮಾತ್ರ ವಿಶ್ವಮಾನವ ಬರೀ ‘ಡಬಲ್’ ಆಗಿ ಉಳಿದಿದ್ದಾನೆ. ನನಗೇನೂ ಬೇಜಾರಿಲ್ಲ. ಈ ಬಡಾವಣೆಯ ಒಂದು ತಾರಸಿಯ ಮೇಲೆ ನಿಂತು ಇಷ್ಟು ವರ್ಷಗಳಿಂದ ನಾನು ನೋಡುತ್ತ ಬಂದಿರುವುದೂ ಜೋಡಿಗಳನ್ನೇ, ಆಕಾಶದ ಜೋಡಿಗಳನ್ನು.

ದುರ್ಬೀನು ದೊಡ್ಡದೇನಲ್ಲ. ಮುಂದಿನ ಗಾಜಿನ ಅಗಲ 80 ಮಿಲಿಮೀಟರ್, ಕಾಫಿ ಲೋಟದ ಬಾಯಿಯಷ್ಟು. ಕೊಳವೆಯ ಉದ್ದ ಮೂರಡಿ. ಮಗಳು ಹೈಸ್ಕೂಲಿನಲ್ಲಿದ್ದಾಗ ಅವಳಿಗೆಂದು ಕೊಂಡದ್ದು. ಅವಳು ಚಂದ್ರನ ಗುಳಿಗಳನ್ನೂ ಶನಿಯ ಬಳೆಯನ್ನೂ ನೋಡಿ ‘ಸೂಪರ್ ಅಪ್ಪಾ’ ಎಂದಳು, ಪರೀಕ್ಷೆ ಬಂತು, ದುರ್ಬೀನು ಅಟ್ಟ ಸೇರಿತು. ಅಲ್ಲಿಂದ ಅದನ್ನು ಇಳಿಸಿದವನು ನಾನು. ಇಳಿಸಿ ಆಕಾಶಗಂಗೆಯ ನೀಹಾರಿಕೆಗಳನ್ನು ಹುಡುಕಲು ಹೋದವನಿಗೆ ಎದುರು ಬೀದಿಯ ಎಲ್‌ಇಡಿ ದೀಪ ಪಾಠ ಕಲಿಸಿತು. ಮಸುಕಾದದ್ದೆಲ್ಲ ನಗರದ ಬೆಳಕಿನಲ್ಲಿ ಕರಗಿಹೋಗುತ್ತದೆ. ಹಾಗೆ ಕರಗದೆ ಉಳಿಯುವುದು ಜೋಡಿ ನಕ್ಷತ್ರಗಳು. ಅವು ಚುಕ್ಕಿಗಳು; ಹೊಳೆಯುವ ಚುಕ್ಕಿಯನ್ನು ಬೀದಿದೀಪ ಅಷ್ಟು ಸುಲಭವಾಗಿ ಅಳಿಸಲಾರದು. ಅರಮನೆಗೆ ದೀಪ ಹಾಕಿದ ದಸರೆಯ ರಾತ್ರಿಯಲ್ಲೂ ಅವು ಅಲ್ಲೇ ಇರುತ್ತವೆ, ಅಷ್ಟೇ ಚೊಕ್ಕಟವಾಗಿ.

ಜೋಡಿ ನಕ್ಷತ್ರ ನೋಡುವುದೆಂದರೇನು ಎಂದು ಕೇಳಿದವರಿಗೆ ನಾನು ಮೊದಲು ಆಕಾಶ ತೋರಿಸುವುದಿಲ್ಲ, ಚಾಮುಂಡಿ ಬೆಟ್ಟ ತೋರಿಸುತ್ತೇನೆ. ಸಂಜೆ ಏಳೂವರೆಯ ಹೊತ್ತಿಗೆ ಬೆಟ್ಟದ ರಸ್ತೆಯ ತಿರುವಿನಲ್ಲಿ ಕಾರುಗಳು ಊರಿಗೆ ಮುಖ ಮಾಡುತ್ತವೆ. ಬರಿಗಣ್ಣಿಗೆ ಪ್ರತಿ ಕಾರೂ ಒಂದೇ ಕಿಡಿ. ದುರ್ಬೀನಿನಲ್ಲಿ ಇಟ್ಟು ನೋಡಿದರೆ ಆ ಕಿಡಿ ಥಟ್ಟನೆ ಎರಡಾಗುತ್ತದೆ. ಎರಡು ದೀಪ, ನಡುವೆ ಕತ್ತಲು. ನೋಡಿದವರು ‘ಓ’ ಎನ್ನುತ್ತಾರೆ. ಆ ‘ಓ’ ಅರ್ಥವಾದವರಿಗೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಬೆಟ್ಟ ನನಗೆ ಅಳತೆಕೋಲೂ ಹೌದು. ಪಂಚಾಂಗ ನೋಡುವ ಮನೆಯವರಿಗೆ ಈ ಲೆಕ್ಕ ಹೊಸದಲ್ಲ: ರಾಶಿಗೆ ಮೂವತ್ತು ಭಾಗೆ, ಭಾಗೆಗೆ ಅರವತ್ತು ಕಲೆ, ಕಲೆಗೆ ಅರವತ್ತು ವಿಕಲೆ. ನಮ್ಮ ತಾರಸಿಯಿಂದ ಬೆಟ್ಟದ ತುದಿಗೆ ಹಕ್ಕಿಯ ದಾರಿಯಲ್ಲಿ ಐದೂವರೆ ಕಿಲೋಮೀಟರ್ ಚಿಲ್ಲರೆ. ಅಷ್ಟು ದೂರದಲ್ಲಿ ಒಂದು ವಿಕಲೆ ಎಂದರೆ ಹೆಚ್ಚುಕಡಿಮೆ ಒಂದು ಇಂಚು. ಒಳ್ಳೆಯ ಕಣ್ಣು ಒಂದು ಕಲೆಯ ಅಂತರವನ್ನು ಕಷ್ಟಪಟ್ಟು ಬಿಡಿಸೀತು, ಅಂದರೆ ಬೆಟ್ಟದ ಮೇಲೆ ಐದಡಿ. ಕಾರಿನ ದೀಪಗಳ ನಡುವೆ ಇರುವುದು ನಾಲ್ಕೇ ಅಡಿ. ಇನ್ನು ನನ್ನ ದುರ್ಬೀನಿನ ಗಡಿ? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಡಾಸ್ ಎಂಬ ಪಾದ್ರಿ ನೂರಾರು ಜೋಡಿಗಳನ್ನು ನೋಡಿ ನೋಡಿ ಒಂದು ಸೂತ್ರ ಮಾಡಿಟ್ಟ. 116ನ್ನು ಗಾಜಿನ ಅಗಲದ ಮಿಲಿಮೀಟರಿನಿಂದ ಭಾಗಿಸಿದರೆ ಅದು ಬಿಡಿಸಬಲ್ಲ ಅತಿ ಚಿಕ್ಕ ಅಂತರ ವಿಕಲೆಯಲ್ಲಿ ಸಿಗುತ್ತದೆ. ನನ್ನದಕ್ಕೆ ಬರುವುದು ಸುಮಾರು ಒಂದೂವರೆ. ಮಹಿಷಾಸುರನ ಪ್ರತಿಮೆಯ ಪಕ್ಕ ಒಂದೂವರೆ ಇಂಚು ಅಂತರದಲ್ಲಿ ಎರಡು ಹಣತೆ ಹಚ್ಚಿಟ್ಟರೆ, ಗಾಳಿ ಮನಸ್ಸು ಮಾಡಿದರೆ, ಇಲ್ಲಿಂದ ಎರಡೆಂದು ಹೇಳಬಹುದು.

ಗಾಳಿ ಮನಸ್ಸು ಮಾಡಬೇಕು ಎಂಬುದೇ ಇದರ ಸೊಗಸೂ ಸಂಕಟವೂ. ಮೇ ತಿಂಗಳಲ್ಲಿ ಹಗಲೆಲ್ಲ ಬಿಸಿಲು ಕುಡಿದ ತಾರಸಿ ರಾತ್ರಿ ಒಂಬತ್ತರವರೆಗೂ ಅದನ್ನು ಉಸಿರಾಗಿ ಬಿಡುತ್ತಿರುತ್ತದೆ. ಕೆಳಮನೆಯ ಅಜ್ಜಿ ಮಧ್ಯಾಹ್ನ ಸಂಡಿಗೆ ಒಣಗಿಸುವುದು ಇದೇ ನೆಲದ ಮೇಲೆ. ಮನೆ ಅವರದು, ತಾರಸಿಯೂ ಅವರದು. ಆ ಬಿಸಿ ಏಳುವಾಗ ನೋಡಿದರೆ ನಕ್ಷತ್ರವೂ ಎಣ್ಣೆಗೆ ಬಿದ್ದ ಸಂಡಿಗೆಯ ಹಾಗೆಯೇ ಅರಳಿ, ಮುದುಡಿ, ಹೊರಳಾಡುತ್ತದೆ. ನಾಲ್ಕು ಬಕೆಟ್ ನೀರು ಚೆಲ್ಲಿ, ಕೊಳವೆಯನ್ನು ಹೊರಗಿಟ್ಟು ಆರಲು ಬಿಟ್ಟು, ಸಿಂಟೆಕ್ಸ್ ತೊಟ್ಟಿಗೆ ಒರಗಿ ಕೂರುತ್ತೇನೆ. ಬೀದಿಯಲ್ಲಿ ಕುಕ್ಕರುಗಳು ಒಂದೊಂದಾಗಿ ಕೂಗಿ ಸುಮ್ಮನಾಗುತ್ತವೆ. ಮೇ ಮಳೆ ಹೊಡೆದು ಹೋದ ಮರುದಿನವಾದರೆ ಆಕಾಶ ತೊಳೆದ ತಟ್ಟೆ.

ಅಂಥ ರಾತ್ರಿಯಲ್ಲಿ ಮೊದಲು ತಿರುಗಬೇಕಾದ್ದು ಪಡುವಣ ಬಡಗಿಗೆ, ರಾಮಕೃಷ್ಣನಗರದ ಕಡೆಗೆ. ಪುನರ್ವಸು ಮುಳುಗುವ ಹೊತ್ತು. ಪುನರ್ವಸು ಮಳೆ ರೈತರಿಗೆ ಗೊತ್ತು, ರಾಮನ ಜನ್ಮನಕ್ಷತ್ರವೆಂದು ಎಲ್ಲರಿಗೂ ಗೊತ್ತು. ಅದು ಒಂದು ನಕ್ಷತ್ರವಲ್ಲ, ಅಕ್ಕಪಕ್ಕದ ಎರಡು, ಕ್ಯಾಸ್ಟರ್ ಮತ್ತು ಪಾಲಕ್ಸ್. ಸಂಸ್ಕೃತದಲ್ಲಿ ಆ ಹೆಸರಿಗೆ ದ್ವಿವಚನವೇ ಇದೆ. ಕನ್ನಡಕ್ಕೆ ದ್ವಿವಚನವಿಲ್ಲ; ನಮಗೆ ಒಂದಾದ ಮೇಲೆ ನೇರವಾಗಿ ಹಲವು. ಶಾಲೆಯಲ್ಲಿ ‘ರಾಮಃ ರಾಮೌ ರಾಮಾಃ’ ಎಂದು ಉರುಹೊಡೆಯುವಾಗ ನಡುವಿನ ‘ರಾಮೌ’ ಯಾಕೆಂದು ನಾವು ನಗುತ್ತಿದ್ದೆವು. ಇಬ್ಬರು ರಾಮರು ಎಲ್ಲಿ ಸಿಗುತ್ತಾರೆ? ಎರಡು ಎಂಬುದಕ್ಕೆ ಬೇರೆ ವ್ಯಾಕರಣವೇ ಬೇಕು ಎಂದು ನನಗೆ ಒಪ್ಪಿಗೆಯಾದದ್ದು ಕ್ಯಾಸ್ಟರನ್ನು ಕಂಡ ಮೇಲೆ.

ಕಡಿಮೆ ವರ್ಧನೆಯಲ್ಲಿ ಅದು ಒಂದೇ ಬಿಳಿ ಕಿಡಿ. ಕಣ್ಣುಮಸೂರ ಬದಲಿಸಿ ತೊಂಬತ್ತು ಪಟ್ಟು ಹಿಗ್ಗಿಸಿದರೆ ಕಿಡಿ ಉದ್ದವಾಗುತ್ತದೆ, ಸೊಂಟ ಹಿಡಿದ ಹಾಗೆ ನಡುವೆ ಕಿರಿದಾಗುತ್ತದೆ. ಗಾಳಿ ಅರೆಕ್ಷಣ ಉಸಿರು ಹಿಡಿದಾಗ ಕೂದಲೆಳೆಯಷ್ಟು ಕತ್ತಲು ಎರಡರ ನಡುವೆ ಹರಿದು ಹೋಗುತ್ತದೆ. ಎರಡು ಬಿಳಿ ಕಾಳು, ಒಂದು ಸ್ವಲ್ಪ ದೊಡ್ಡದು, ಒಂದು ಸ್ವಲ್ಪ ಚಿಕ್ಕದು, ನಡುವೆ ಐದೂವರೆ ವಿಕಲೆ. ಬೆಟ್ಟದ ಮೇಲಾದರೆ ಒಂದು ಗೇಣೂ ಇಲ್ಲ. ಒಂದೊಂದು ಕಾಳಿನ ಸುತ್ತಲೂ ರಂಗೋಲಿ ಎಳೆಯಂಥ ತೆಳ್ಳನೆಯ ಬಳೆ. ಆ ಕಾಳಾಗಲಿ ಬಳೆಯಾಗಲಿ ನಕ್ಷತ್ರದ ಮೈಯಲ್ಲ. ಬೆಳಕು ದುಂಡನೆಯ ಗಾಜಿನ ಅಂಚನ್ನು ದಾಟುವಾಗ ತಾನೇ ಬರೆದುಕೊಳ್ಳುವ ಚಿತ್ತಾರ. ಜಾರ್ಜ್ ಏರಿ 1835ರಲ್ಲಿ ಅದರ ಗಣಿತವನ್ನು ಬಿಡಿಸಿಟ್ಟ. ಗಾಜು ದೊಡ್ಡದಾದಷ್ಟೂ ಕಾಳು ಸಣ್ಣದಾಗುತ್ತದೆ. ನನ್ನ ಚಿಕ್ಕ ಗಾಜಿನಲ್ಲಿ ಕಾಳು ದಪ್ಪ, ಬಳೆ ಸ್ಪಷ್ಟ, ನೋಟಕ್ಕೆ ಚೆಂದ. ಚಿಕ್ಕ ದುರ್ಬೀನಿಗೆ ಹೀಗೊಂದು ಸಮಾಧಾನವಿದೆ.

ಈ ಕ್ಯಾಸ್ಟರಿನಿಂದಲೇ ಒಂದು ದೊಡ್ಡ ಮಾತು ಹೊರಬಿತ್ತು. ಇಂಗ್ಲೆಂಡಿನ ಬಾತ್ ಊರಿನಲ್ಲಿ ಆರ್ಗನ್ ನುಡಿಸಿಕೊಂಡಿದ್ದ ವಿಲಿಯಂ ಹರ್ಷೆಲ್ ರಾತ್ರಿಯ ಹೊತ್ತು ತಾನೇ ಉಜ್ಜಿ ಮಾಡಿದ ಕನ್ನಡಿಗಳಲ್ಲಿ ಜೋಡಿಗಳನ್ನು ಹುಡುಕಿ ಪಟ್ಟಿ ಮಾಡುತ್ತಿದ್ದ. ಅವನು ಅಂದುಕೊಂಡಿದ್ದೇ ಬೇರೆ. ಇವು ಒಂದರ ಹಿಂದೆ ಇನ್ನೊಂದು ದೂರದಲ್ಲಿದ್ದು ಅಕಸ್ಮಾತ್ ಒಂದೇ ಗೆರೆಯಲ್ಲಿ ಕಾಣುತ್ತವೆ, ಹತ್ತಿರದ್ದು ವರ್ಷದಲ್ಲಿ ತುಸು ಅಲುಗಿದಂತೆ ಕಂಡರೆ ಅದರ ದೂರ ಸಿಗುತ್ತದೆ ಎಂದು. ಆ ಅಲುಗಾಟ ಅವನಿಗೆ ಸಿಗಲಿಲ್ಲ. ಇಪ್ಪತ್ತು ವರ್ಷಗಳ ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕ್ಯಾಸ್ಟರಿನ ಎರಡು ಕಾಳುಗಳ ದಿಕ್ಕೇ ತಿರುಗಿತ್ತು. 1803ರಲ್ಲಿ ಅವನು ಪ್ರಕಟಿಸಿದ: ಇವು ನೋಟದ ಜೋಡಿಯಲ್ಲ, ನಿಜವಾದ ಜೋಡಿ, ಒಂದನ್ನೊಂದು ಸುತ್ತುತ್ತಿವೆ. ನ್ಯೂಟನ್ನನ ಗುರುತ್ವ ಸೌರವ್ಯೂಹದ ಗಡಿಯಾಚೆಗೂ ನಡೆಯುತ್ತದೆ ಎಂಬುದಕ್ಕೆ ಕಣ್ಣಿಗೆ ಕಂಡ ಮೊದಲ ಸಾಕ್ಷಿ ಅದು. ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಶತಮಾನ. ಆಮೇಲೆ ಆ ಎರಡೂ ಕಾಳುಗಳು ತಾವೇ ಒಂದೊಂದು ಜೋಡಿ ಎಂದು ವರ್ಣಪಟಲ ಹೇಳಿತು. ತುಸು ದೂರದಲ್ಲಿ ಮಂಕಾದ ಇನ್ನೊಂದು ಕೆಂಪು ಜೋಡಿಯೂ ಇದೆ. ಒಟ್ಟು ಆರು.

ನನ್ನ ಗೆಳೆಯರೊಬ್ಬರು ಕಟ್ಟಾ ಮಾಧ್ವರು. ಕ್ಯಾಸ್ಟರ್ ಎರಡಾದದ್ದನ್ನು ನೋಡಿ ‘ನಮ್ಮ ಪಕ್ಷವೇ ಗೆದ್ದಿತಲ್ಲ ಸ್ವಾಮಿ, ಇದು ದ್ವೈತದ ದುರ್ಬೀನು’ ಎಂದರು. ಆರರ ಕಥೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, ‘ತಾರತಮ್ಯವೂ ನಮ್ಮದೇ ಸಿದ್ಧಾಂತ’ ಎಂದು ಇಳಿದು ಹೋದರು.

ಹರ್ಷೆಲ್ ಸಂಗೀತಗಾರನಾಗಿದ್ದ ಎಂಬುದು ನನಗೆ ಬರೀ ವಿಷಯವಾಗಿ ಉಳಿದಿಲ್ಲ. ಆದಿಚುಂಚನಗಿರಿ ರಸ್ತೆಯ ಗಾನಭಾರತಿಗೆ, ಅದರ ವೀಣೆ ಶೇಷಣ್ಣ ಭವನಕ್ಕೆ, ಕಛೇರಿ ಕೇಳಲು ನಾನು ಬೇಗ ಹೋಗುತ್ತೇನೆ. ತಂಬೂರಿ ಶ್ರುತಿ ಮಾಡುವುದನ್ನು ಕೇಳುವುದಕ್ಕೆ. ನಡುವಿನ ಎರಡು ತಂತಿಗಳು, ಸಾರಣಿ ಮತ್ತು ಅನುಸಾರಣಿ, ಒಂದೇ ಸ್ವರಕ್ಕೆ ಸೇರಬೇಕು. ಸೇರುವ ಮೊದಲು ಅವೆರಡರ ನಡುವೆ ಒಂದು ತೂಗಾಟ ಕೇಳುತ್ತದೆ, ವಂ-ವಂ-ವಂ ಎಂದು. ಹತ್ತಿರವಾದಷ್ಟೂ ತೂಗಾಟ ನಿಧಾನವಾಗುತ್ತದೆ, ಒಂದು ಗಳಿಗೆಯಲ್ಲಿ ನಿಂತುಹೋಗುತ್ತದೆ. ಎರಡು ಒಂದಾಯಿತು. ತಾರಸಿಯ ಮೇಲೆ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ. ಅಲ್ಲಿ ನಡುಕ ನಿಂತಾಗ ಒಂದು ಎರಡಾಗುತ್ತದೆ. ಎರಡಕ್ಕೂ ಬೇಕಾದದ್ದು ನಡುಕ ನಿಲ್ಲುವವರೆಗೆ ಕಾಯುವ ಕಿವಿ, ಕಾಯುವ ಕಣ್ಣು. ಇದೇ ಮೈಸೂರಿನಲ್ಲಿ ಬಾಳಿದ ಜಿ.ಟಿ. ನಾರಾಯಣ ರಾವ್ (1926–2008) ಕನ್ನಡಕ್ಕೆ ನಕ್ಷತ್ರಗಳನ್ನು ತೋರಿಸಿದವರು, ಸಂಗೀತ ವಿಮರ್ಶೆಯನ್ನೂ ಬರೆದವರು. ಒಬ್ಬರಲ್ಲೇ ಈ ಎರಡು ರುಚಿ ಹೇಗೆ ಕೂಡಿತು ಎಂದು ನನಗೆ ಆಶ್ಚರ್ಯವಿಲ್ಲ.

ಒಂಬತ್ತೂವರೆಗೆ ಕನ್ಯಾ ರಾಶಿ ನೆತ್ತಿಯ ಹತ್ತಿರ ಬಂದಿರುತ್ತದೆ. ಅಲ್ಲಿ ಪೊರಿಮಾ ಎಂಬ ನಕ್ಷತ್ರ. ಬರಿಗಣ್ಣಿಗೆ ಸಾಧಾರಣ ಚುಕ್ಕಿ. ನಾನು ಅದನ್ನು ಮೊದಲ ಸಲ ಹುಡುಕಿದ್ದು 2006ರಲ್ಲಿ. ಪುಸ್ತಕದಲ್ಲಿ ಸೊಗಸಾದ ಜೋಡಿ ಎಂದಿತ್ತು. ಎಷ್ಟು ಕಾದರೂ ಒಂದೇ ಕಾಳು. ದುರ್ಬೀನಿನ ದೋಷವೆಂದು ಗಾಜು ಒರೆಸಿದೆ, ಕಣ್ಣಿನ ದೋಷವೆಂದು ಕನ್ನಡಕ ಒರೆಸಿದೆ. ದೋಷ ಎರಡರದ್ದೂ ಆಗಿರಲಿಲ್ಲ. ಈ ಎರಡು ನಕ್ಷತ್ರಗಳು 169 ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತವೆ, ಉದ್ದನೆಯ ಮೊಟ್ಟೆಯಂಥ ದಾರಿಯಲ್ಲಿ. 2005ರಲ್ಲಷ್ಟೇ ಅವು ಅತಿ ಹತ್ತಿರ ಬಂದು ಒಂದನ್ನೊಂದು ಹಾದುಹೋಗಿದ್ದವು. ಅದರ ಹಿಂದಿನ ಸಲ, 1836ರಲ್ಲಿ, ಹರ್ಷೆಲನ ಮಗ ಜಾನ್ ದಕ್ಷಿಣ ಆಫ್ರಿಕಾದಲ್ಲಿ ತನ್ನ ದೊಡ್ಡ ದುರ್ಬೀನಿನಲ್ಲೂ ಅದನ್ನು ಒಂಟಿಯಾಗಿಯೇ ಕಂಡಿದ್ದ. ನಾನು ಪುಸ್ತಕವನ್ನು ನಂಬಿ ಮನೆಗೆ ಹೋದಾಗ ಮನೆಯವರು ಕದ ಹಾಕಿಕೊಂಡಿದ್ದರು, ಅಷ್ಟೇ.

ಆಮೇಲೆ ಪ್ರತಿ ಬೇಸಿಗೆ ಒಮ್ಮೆ ಹೋಗಿ ಕದ ತಟ್ಟಿದೆ. ಕೆಲವು ವರ್ಷ ಒಂದೇ. ಒಂದು ಏಪ್ರಿಲ್‌ನಲ್ಲಿ ಕಾಳು ತುಸು ಉದ್ದವಾಗಿದೆ ಅನ್ನಿಸಿತು. ಕಂಡದ್ದೋ, ಕಾಣಬೇಕೆಂದುಕೊಂಡದ್ದೋ ತಿಳಿಯಲಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಪುಸ್ತಕ ತೆರೆಯುವ ಮುಂಚೆ ಸಂಗಾತಿ ಗಡಿಯಾರದ ಎಷ್ಟು ಗಂಟೆಯ ದಿಕ್ಕಿನಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಸರಿನೋಡಬೇಕು. ನನ್ನಂಥವನ ಮಾತಿರಲಿ, ಮದರಾಸಿನ ಕಂಪನಿ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಕ್ಯಾಪ್ಟನ್ ಜೇಕಬ್ 1855ರಲ್ಲಿ ಉರಗಧರ ಮಂಡಲದ ಒಂದು ಜೋಡಿಯ ದಾರಿಯಲ್ಲಿ ಸೊಟ್ಟು ಕಂಡು, ಅಲ್ಲೊಂದು ಗ್ರಹವಿರಬೇಕೆಂದು ಪ್ರಕಟಿಸಿಬಿಟ್ಟರು. ಆ ಗ್ರಹ ಉಳಿಯಲಿಲ್ಲ. ವಿಕಲೆಯ ಚೂರುಗಳಲ್ಲಿ ಕೆಲಸ ಮಾಡುವಾಗ ಪಳಗಿದ ಕಣ್ಣೂ ಮೋಸಹೋಗುತ್ತದೆ. ಹಾಗೆಂದು ಬಿಡುವಂತೆಯೂ ಇಲ್ಲ, ಏಕೆಂದರೆ ನಕ್ಷತ್ರಗಳನ್ನು ತೂಗಲು ನಮಗಿರುವ ನೆಚ್ಚಿನ ತಕ್ಕಡಿ ಈ ಜೋಡಿಗಳೇ. ಎಷ್ಟು ದೂರದಲ್ಲಿ, ಎಷ್ಟು ಕಾಲದಲ್ಲಿ ಸುತ್ತುತ್ತವೆ ಎಂದು ತಿಳಿದರೆ ಎರಡರ ತೂಕ ಸಿಗುತ್ತದೆ. ಒಂಟಿ ನಕ್ಷತ್ರ ತನ್ನ ತೂಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಈಗ ಪೊರಿಮಾದ ಅಂತರ ಮೂರು ವಿಕಲೆ ದಾಟಿದೆ. ಸಮಸಮ ಕಾಂತಿಯ ಎರಡು ಕಾಳು, ತೆಳುವಾದ ಹಾಲಿನ ಕೆನೆಯ ಬಣ್ಣ. ಯಾವುದು ದೊಡ್ಡದು ಎಂದು ಕೇಳಿದರೆ ಹೇಳಲಾರೆ. ಭೂಮಿ ತಿರುಗುವ ರಭಸಕ್ಕೆ ಎರಡೇ ನಿಮಿಷದಲ್ಲಿ ನೋಟದ ಅಂಗಳವನ್ನು ದಾಟಿ ಹೋಗುತ್ತವೆ. ಮತ್ತೆ ಕೊಳವೆಯನ್ನು ಬೆರಳಲ್ಲಿ ತಳ್ಳಬೇಕು, ನಡುಕ ನಿಲ್ಲುವವರೆಗೆ ಕೈ ತೆಗೆದು ಕಾಯಬೇಕು. ನಕ್ಷತ್ರಗಳು ಸ್ಥಿರವೆಂದು ಕಲಿತವನು ನಾನು. ನನ್ನ ಮೀಸೆ ನರೆಯುವಷ್ಟರಲ್ಲಿ ಒಂದು ನಕ್ಷತ್ರ ಎರಡಾದದ್ದನ್ನು, ಕಾಫಿ ಲೋಟದಗಲದ ಗಾಜಿನಲ್ಲಿ, ಬಾಡಿಗೆ ಮನೆಯ ತಾರಸಿಯ ಮೇಲಿಂದ ಕಂಡೆ.

ಇನ್ನು ಅಜ್ಜಿಯ ವಿಷಯ. ಅವರಿಗೆ ಎಂಬತ್ತೆರಡು. ಹಳ್ಳಿಯಲ್ಲಿ ಹಸು ಕರೆದು ಬೆಳೆದವರು. ವಯಸ್ಸಿನ ಲೆಕ್ಕದಲ್ಲಿ ನನಗೆ ತಾಯಿಯಾಗಬೇಕು. ಮಗಳು ಅಜ್ಜಿ ಎಂದು ಕರೆದದ್ದು ಇಡೀ ಬೀದಿಗೆ ಹತ್ತಿಕೊಂಡಿತು. ಮಂಡಿನೋವಿದ್ದರೂ ಸಂಡಿಗೆಗಾಗಿ ದಿನಾ ಮೆಟ್ಟಿಲು ಹತ್ತುವವರು, ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ ಸೀರಿಯಲ್ ಮುಗಿಸಿಕೊಂಡು ಮೇಲೆ ಬಂದರು.

‘ಏನೋ ಅದು, ದಿನಾ ರಾತ್ರಿ ಕೊಳಾಯಿಗೆ ಕಣ್ಣಿಟ್ಟುಕೊಂಡು ಕೂತಿರ್ತೀಯಲ್ಲ?’

‘ಅರುಂಧತಿ ನಕ್ಷತ್ರ ಇದೆ ಅಜ್ಜಿ. ನೋಡ್ತೀರಾ?’

ಅಜ್ಜಿ ನಕ್ಕರು. ‘ನನ್ನ ಮದುವೇಲಿ ಪುರೋಹಿತರು ತೋರಿಸಿದ್ರಲ್ಲ. ಹಗಲು ಹನ್ನೆರಡು ಗಂಟೆ. ಕಾಣಿಸಿತಾ ಅಂದ್ರು, ಕಾಣಿಸಿತು ಅಂದೆ. ಅವರೂ ಕಾಣಿಸಿತು ಅಂದ್ರು.’ ಅವರು ಎಂದರೆ ತೀರಿಹೋದ ತಾತ.

ಬಡಗಣ ದಿಕ್ಕಿನಲ್ಲಿ, ಕುಕ್ಕರಹಳ್ಳಿ ಕೆರೆಯ ಮೇಲುಗಡೆ, ಸಪ್ತರ್ಷಿ ಮಂಡಲ ಮಗುಚಿದ ಸೌಟಿನ ಹಾಗೆ ನಿಂತಿತ್ತು. ಹಿಡಿಯ ಕೊನೆಯಿಂದ ಎರಡನೆಯದು ವಸಿಷ್ಠ. ಅದರ ಮಗ್ಗುಲಿಗೆ ಅಂಟಿಕೊಂಡ ಮಿಣುಕು ಅರುಂಧತಿ. ಶಾಸ್ತ್ರದವರು ಇದಕ್ಕೇ ಒಂದು ನ್ಯಾಯ ಮಾಡಿಟ್ಟಿದ್ದಾರೆ, ಸ್ಥೂಲಾರುಂಧತೀ ನ್ಯಾಯ. ಸಣ್ಣದನ್ನು ನೇರವಾಗಿ ತೋರಿಸಲಾಗದು. ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನೇ ಅರುಂಧತಿ ಎನ್ನಬೇಕು; ಕಣ್ಣು ಅಲ್ಲಿ ಕುಳಿತ ಮೇಲೆ ‘ಅದಲ್ಲ, ಅದರ ಪಕ್ಕದ್ದು’ ಎಂದು ಮುಂದೆ ಕರೆದೊಯ್ಯಬೇಕು. ನಾನೂ ಹಾಗೆಯೇ ಮಾಡಿದೆ. ಪೊರೆ ತೆಗೆಸಿದ ಕಣ್ಣು ಅಜ್ಜಿಯದು. ಎರಡು ನಿಮಿಷದಲ್ಲಿ ‘ಅಲ್ಲಿ, ಚಿಕ್ಕದು, ಮೂಗುಬೊಟ್ಟಿನ ಹರಳಿನ ಥರ’ ಎಂದರು. ಮದುವೆಯಲ್ಲಿ ಕಂಡೆನೆಂದದ್ದನ್ನು ಆ ರಾತ್ರಿ ಕಂಡರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಕುರ್ಚಿ ಹಾಕಿ ದುರ್ಬೀನಿನ ಮುಂದೆ ಕೂರಿಸಿದೆ. ಅವರು ಕಣ್ಣುಮಸೂರವನ್ನು ಕೈಯಲ್ಲಿ ಹಿಡಿದರು, ಕೊಳವೆ ಅಲುಗಿತು, ಬೆಳಕು ಗೀರುಗೀರಾಗಿ ಓಡಾಡಿತು. ಹಿಡೀಬೇಡಿ ಎನ್ನುವಷ್ಟರಲ್ಲಿ ಅವರೇ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ‘ಹೊಸ ಕೈ ಅಂತ ಬೆದರಿದೆ’ ಎಂದರು. ‘ಸುಮ್ಮನಿದ್ರೆ ನಿಲ್ಲತ್ತೆ.’

ನಿಂತಿತು. ಅಜ್ಜಿ ಉಸಿರು ಬಿಡುವುದು ಕೇಳಿಸಿತು.

‘ಮೂರಿದೆಯಲ್ಲೋ. ದೊಡ್ಡದೊಂದು. ಅದರ ಮಗ್ಗುಲಲ್ಲೇ ಇನ್ನೊಂದು. ಆ ಕಡೆ ದೂರದಲ್ಲಿ ಒಂದು. ಇದರಲ್ಲಿ ಅರುಂಧತಿ ಯಾವುದು?’

‘ದೂರದ್ದು ಅಜ್ಜಿ.’

‘ಹಾಗಾದ್ರೆ ವಸಿಷ್ಠರ ಮಗ್ಗುಲಲ್ಲಿರೋದು ಯಾರು?’

ನಾನು ಇಷ್ಟು ವರ್ಷ ಈ ಜೋಡಿಯನ್ನು ನೋಡಿದ್ದೇನೆ. ಅದರ ಚರಿತ್ರೆ ನನಗೆ ಕಂಠಪಾಠ. ಗೆಲಿಲಿಯೊನ ಶಿಷ್ಯ ಕ್ಯಾಸ್ಟೆಲಿ ಕಂಡು ಗುರುವಿಗೆ ತಿಳಿಸಿದ, 1617ರ ಜನವರಿಯಲ್ಲಿ ಗೆಲಿಲಿಯೊ ತಾನೂ ನೋಡಿದ. 1857ರಲ್ಲಿ ಹಾರ್ವರ್ಡಿನಲ್ಲಿ ಜಾರ್ಜ್ ಬಾಂಡ್ ಫೋಟೋ ತೆಗೆದ, ಜೋಡಿ ನಕ್ಷತ್ರದ ಮೊದಲ ಫೋಟೋ ಅದು. 1889ರಲ್ಲಿ ಪಿಕರಿಂಗ್ ಅದರ ವರ್ಣಪಟಲದ ಗೆರೆಗಳು ಎರಡೆರಡಾಗುವುದನ್ನು ಗುರುತಿಸಿ, ದೊಡ್ಡ ಕಾಳೂ ಜೋಡಿಯೇ ಎಂದ. ಚಿಕ್ಕ ಕಾಳೂ ಹಾಗೆಯೇ ಎಂದು ಆಮೇಲೆ ತಿಳಿಯಿತು. 2009ರಲ್ಲಿ ಅರುಂಧತಿಗೂ ಒಬ್ಬ ಮಂಕು ಸಂಗಾತಿ ಸಿಕ್ಕಿದ. ಇಷ್ಟೆಲ್ಲ ಗೊತ್ತಿದ್ದೂ ‘ಅದು ಯಾರು’ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರು ಮೈಜಾರ್ ಬಿ. ಅಜ್ಜಿಗೆ ಅದನ್ನು ಹೇಳುವ ಧೈರ್ಯವಾಗಲಿಲ್ಲ.

‘ಗೊತ್ತಿಲ್ಲ ಅಜ್ಜಿ. ಯಾರಿರಬಹುದು?’

ಅವರು ಮಸೂರದಿಂದ ಕಣ್ಣು ತೆಗೆಯದೆ ಹೇಳಿದರು: ‘ನಂದಿನಿ ಕಣೋ. ಋಷಿ ಅಂದ ಮೇಲೆ ಹಸು ಹತ್ತಿರದಲ್ಲೇ ಇರಬೇಕಲ್ಲ. ಹೆಂಡತಿ ಒಳಗೆಲ್ಲೋ ಕೆಲಸದಲ್ಲಿರ್ತಾಳೆ.’

ಅದಕ್ಕಿಂತ ಒಳ್ಳೆಯ ವಿವರಣೆ ನಾನು ಎಲ್ಲೂ ಓದಿಲ್ಲ. ಹದಿನಾಲ್ಕು ವಿಕಲೆ ಚಿಲ್ಲರೆ ಅಂತರ, ಬೆಟ್ಟದ ಮೇಲಾದರೆ ಹದಿನೈದು ಇಂಚು. ಕೊಟ್ಟಿಗೆ ಮನೆಗೆ ಅಂಟಿಕೊಂಡಿರುವಷ್ಟು. ಅರುಂಧತಿ ಅರವತ್ತು ಅಡಿ ಆಚೆ. ಎಂಬತ್ತು ಜ್ಯೋತಿರ್ವರ್ಷಕ್ಕೂ ಮೇಲಿನ ದೂರದಿಂದ, ಅಜ್ಜಿ ಹುಟ್ಟಿದ ಆಸುಪಾಸಿನಲ್ಲಿ ಹೊರಟ ಬೆಳಕು. ‘ನನ್ನ ಓರಗೆಯದು’ ಎಂದು ಹೇಳಿ ಅಜ್ಜಿ ಮಂಡಿ ಹಿಡಿದುಕೊಂಡು ಕೆಳಗಿಳಿದರು.

ಅವರು ಹೋದ ಮೇಲೆ ನಾನು ತೆಂಕಣಕ್ಕೆ ತಿರುಗಿದೆ. ಹನ್ನೆರಡನೆಯ ಅಕ್ಷಾಂಶದಲ್ಲಿ ಮನೆ ಮಾಡಿರುವವರ ಭಾಗ್ಯ ಇದು. ಬಡಗಣದ ಋಷಿಗಳನ್ನು ನೋಡಿ, ಸ್ಟೂಲು ತಿರುಗಿಸಿ, ನಂಜನಗೂಡಿನ ದಿಕ್ಕಿನಲ್ಲಿ ತ್ರಿಶಂಕುವನ್ನೂ ಕಿನ್ನರ ಮಂಡಲವನ್ನೂ ನೋಡಬಹುದು. ಇಂಗ್ಲೆಂಡಿನಲ್ಲಿ ಕುಳಿತ ಹರ್ಷೆಲನಿಗೆ ಕಿನ್ನರದ ಉಜ್ವಲ ನಕ್ಷತ್ರ ಆಲ್ಫಾ ಸೆಂಟಾರಿ ಜನ್ಮದಲ್ಲಿ ಕ್ಷಿತಿಜದ ಮೇಲೆ ಬರುವಂತಿರಲಿಲ್ಲ. ನಮ್ಮ ತೆಂಗಿನ ಗರಿಗಳ ನಡುವೆ ಅದು ಹದಿನೇಳು ಭಾಗೆ ಎತ್ತರಕ್ಕೆ ಏರುತ್ತದೆ, ಮೇ ನಡುವಿನಲ್ಲಿ ರಾತ್ರಿ ಹನ್ನೊಂದೂವರೆಗೆ. ಅದು ಜೋಡಿ ಎಂದು ಮೊದಲು ಕಂಡದ್ದೂ ಇದೇ ಅಕ್ಷಾಂಶದ ಆಸುಪಾಸಿನಿಂದ. 1689ರ ಡಿಸೆಂಬರಿನಲ್ಲಿ ಪಾಂಡಿಚೇರಿಯಲ್ಲಿ ರಿಶೋ ಎಂಬ ಫ್ರೆಂಚ್ ಜೆಸ್ಯೂಟ್ ಪಾದ್ರಿ ಧೂಮಕೇತುವೊಂದನ್ನು ನೋಡುತ್ತಿದ್ದ. ಅದರ ಹತ್ತಿರದಲ್ಲಿದ್ದ ನಕ್ಷತ್ರ ದುರ್ಬೀನಿನಲ್ಲಿ ಎರಡಾಯಿತು. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರಗಳ ಮನೆತನ ಅದು, ನಾಲ್ಕು ಜ್ಯೋತಿರ್ವರ್ಷ ಚಿಲ್ಲರೆ ದೂರ. ಜೋಡಿಯ ದೊಡ್ಡದು ಹೆಚ್ಚುಕಡಿಮೆ ನಮ್ಮ ಸೂರ್ಯನಂಥದ್ದೇ.

ಎಂಬತ್ತು ವರ್ಷಕ್ಕೊಂದು ಸುತ್ತು. 2016ರ ಸುಮಾರಿಗೆ ನಾಲ್ಕು ವಿಕಲೆಗೆ ಬಂದಿದ್ದ ಅಂತರ ಈಗ ಇಮ್ಮಡಿಗೆ ಹೋಗಿದೆ. ಅಷ್ಟು ತಗ್ಗಿನಲ್ಲಿ ಗಾಳಿ ದಪ್ಪ. ಎರಡೂ ಮೈಸೂರುಪಾಕಿನ ಬಣ್ಣದವು, ಅಂಚಿನಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಸೆರಗು. ಅದು ನಕ್ಷತ್ರದ್ದಲ್ಲ, ಪಟ್ಟಕದ ಹಾಗೆ ಬೆಳಕನ್ನು ಬಿಡಿಸುವ ನಮ್ಮ ವಾಯುಮಂಡಲದ್ದು. ಕುದಿಯುತ್ತವೆ, ಒಂದರೊಳಗೊಂದು ಬೆರೆಯುತ್ತವೆ, ಬಿಡಿಸಿಕೊಳ್ಳುತ್ತವೆ. ಹಿಂದೆಯಾಗಿದ್ದರೆ ವರ್ಧನೆ ಹೆಚ್ಚಿಸಿ, ತಿರುಪು ತಿರುಗಿಸಿ ಜಗಳಕ್ಕೆ ನಿಲ್ಲುತ್ತಿದ್ದೆ. ಆ ರಾತ್ರಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಮೂರು ಎಣಿಸುವಷ್ಟು ಕಾಲ ಎರಡೂ ದುಂಡಗೆ, ಬೇರೆಬೇರೆಯಾಗಿ ನಿಂತವು.

ಬೆಳಿಗ್ಗೆ ಐದೂವರೆಗೆ ಹಾಲಿನವನ ಸೈಕಲ್ ಗಂಟೆ. ಗೇಟಿನ ಹತ್ತಿರ ಅಜ್ಜಿ ನನಗಿಂತ ಮೊದಲೇ ನಿಂತಿರುತ್ತಾರೆ, ಕೈಯಲ್ಲಿ ನೀಲಿ ಪ್ಯಾಕೆಟ್ಟು, ಅದರ ಮೇಲೂ ನಂದಿನಿ ಎಂದೇ ಹೆಸರು. ಆಕಾಶ ತಿಳಿಯಾಗಿದ್ದ ರಾತ್ರಿಯ ಮರುದಿನ ಅವರು ಕೇಳುವುದು ಒಂದೇ ಪ್ರಶ್ನೆ.

‘ನಿನ್ನೆ ಹಸು ನಿಂತಿತ್ತೇನೋ?’

‘ನಿಂತಿತ್ತು ಅಜ್ಜಿ. ಹತ್ತು ನಿಮಿಷ.’

‘ಸಾಕಲ್ಲ ಬಿಡು’ ಎಂದು ಅವರು ಹಾಲು ಕಾಯಿಸಲು ಒಳಗೆ ಹೋಗುತ್ತಾರೆ.